ಭಾಗಿಸದೆ ಅಳೆದ ಎತ್ತರ

ತಪ್ಪು ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ ಕೇಳಿದವರು ವಿನಯ ಅಂದುಕೊಳ್ಳುತ್ತಾರೆ. ಆ ಗುಣ ನನ್ನಲ್ಲಿದೆಯೆಂದು ಇದುವರೆಗೆ ಯಾರೂ ದೂರಿಲ್ಲ. ಎರಡರಿಂದ ಭಾಗಿಸಬೇಕಿತ್ತು, ಭಾಗಿಸಲಿಲ್ಲ.

ಗಣಿತ ವಿಭಾಗದ ನೆಲಮಾಳಿಗೆಯಲ್ಲಿ ಹದಿನಾರು ಕಂಪ್ಯೂಟರುಗಳ ಕೋಣೆಯೊಂದಿದೆ. ಕಿಟಕಿಯಿಲ್ಲ, ಫ್ಯಾನುಗಳ ಗುಂಯ್ ಸದ್ದು ನಿಲ್ಲುವುದಿಲ್ಲ, ಬಾಗಿಲ ಹಿಂದಿನ ಮೊಳೆಗೆ ನನ್ನ ಸ್ವೆಟರು ಬೇಸಗೆಯಲ್ಲೂ ನೇತಾಡುತ್ತಿರುತ್ತದೆ. ಮೇಲಿನ ಮಹಡಿಯ ಮಹನೀಯರು ಕೊಟ್ಟ ಲೆಕ್ಕವನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬರೆದು ಓಡಿಸುವುದು, ಉತ್ತರ ಬಂದರೆ ಮೆಟ್ಟಿಲು ಹತ್ತಿ ಕೊಟ್ಟು ಬರುವುದು, ಇದು ನನ್ನ ಕೆಲಸ. ಹೆಸರು ಅವರಿಗೆ. ನನಗೆ ಲೇಖನದ ಕೊನೆಯಲ್ಲಿ ಸಣ್ಣಕ್ಷರದ ಒಂದು ಕೃತಜ್ಞತೆ. ಮೂರನೇ ಮಹಡಿಯ ಮೂಲೆ ಕೋಣೆಯ ಪ್ರೊಫೆಸರರು ನನ್ನ ಅಕ್ಕನ ಗಂಡ. ಅವರ ವಶೀಲಿಯಿಂದಲೇ ನನಗೆ ಕೆಲಸ ಸಿಕ್ಕಿದ್ದೆಂದು ವಿಭಾಗದಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ ನಾನೇ ಅಕ್ಕನಿಗೆ ಅವರನ್ನು ತೋರಿಸಿದ್ದು. ಅದೂ ನನ್ನ ತಪ್ಪು ಎಂದು ಅಕ್ಕ ಆಗಾಗ ನೆನಪಿಸುತ್ತಾಳೆ.

ಭಾವ ಏನು ಮಾಡುತ್ತಿದ್ದರು ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಸಮೀಕರಣ, ಎರಡು ಅಜ್ಞಾತಗಳು, ನಾಲ್ಕನೆಯ ಘಾತದವರೆಗೆ. ಕಾಗದದ ಮೇಲೆ ಬಿಡಿಸಿದರೆ ಒಂದು ವಕ್ರರೇಖೆ. ರೇಖೆಯ ಮೇಲೆ ಬಿಂದುಗಳು ಲೆಕ್ಕವಿಲ್ಲದಷ್ಟು, ಆದರೆ ಭಾವನಿಗೆ ಬೇಕಾದ ಜಾತಿಯವು ಕಡಿಮೆ: ಭಿನ್ನರಾಶಿಗಳು ಮತ್ತು ಎರಡರ ವರ್ಗಮೂಲ, ಇಷ್ಟನ್ನೇ ಬಳಸಿ ಬರೆಯಬಹುದಾದವು. ಅಂಥವು ಎಣಿಕೆಗೆ ಸಿಗುವಷ್ಟೇ ಇರುತ್ತವೆ ಎಂದು ಹಿಂದಿನವರು ಸಾಧಿಸಿಟ್ಟಿದ್ದಾರೆ. ಎಷ್ಟು ಎಂದು ಮಾತ್ರ ಹೇಳಿಲ್ಲ. ಮನೆಗೆ ಬರುವ ನೆಂಟರಿಗೆ ಒಂದು ಕೊನೆಯಿದೆ ಎಂದು ಗೊತ್ತು, ಯಾವಾಗ ಬಾಗಿಲು ಹಾಕಿಕೊಳ್ಳಬಹುದು ಎಂದು ಗೊತ್ತಿಲ್ಲ, ಅಂಥ ಫಜೀತಿ. ಬಂದವರು, ಅಂದರೆ ಇದುವರೆಗೆ ಸಿಕ್ಕ ಬಿಂದುಗಳು, ಏಳು ಜನ. ಎಂಟನೆಯವನು ದಾರಿಯಲ್ಲಿದ್ದಾನೋ ಇಲ್ಲವೋ?

ಅದಕ್ಕೆ ಎತ್ತರದ ಲೆಕ್ಕ ಬೇಕು. ಒಂದು ಬಿಂದುವಿನ ಎತ್ತರವೆಂದರೆ, ಸರಿಸುಮಾರಾಗಿ, ಅದನ್ನು ಬರೆಯಲು ಬೇಕಾದ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಉದ್ದದ್ದಕ್ಕೆ ಎಷ್ಟು ಅಂಕಿ ಎನ್ನುವುದು. ಅರ್ಧ ಎನ್ನುವವನು ಕುಳ್ಳ. ಅವನ ಮಗ್ಗುಲಲ್ಲೇ ಕೂತ, ಮೇಲೆ ಐದು ಸಾವಿರದ ಒಂದು ಕೆಳಗೆ ಹತ್ತು ಸಾವಿರ ಇರುವ ಭಿನ್ನರಾಶಿ ಅವನಿಗಿಂತ ಬಹಳ ಉದ್ದದವನು. ಈ ರೇಖೆಯ ಮೇಲಿನ ಯಾವ ಬಿಂದುವೂ ಅರವತ್ತೆರಡನ್ನು ಮೀರಿ ಎತ್ತರ ಬೆಳೆಯುವುದಿಲ್ಲ ಎಂದು ಭಾವ ಸಾಧಿಸಿದ್ದರು. ಹನ್ನೊಂದು ವರ್ಷ, ಎಪ್ಪತ್ತನಾಲ್ಕು ಪುಟ. ಮಿತಿ ಸಿಕ್ಕಿತೆಂದರೆ ಅದರ ಕೆಳಗಷ್ಟೇ ಹುಡುಕಿದರೆ ಸಾಕು. ಆ ಹುಡುಕಾಟ ನನ್ನ ಪಾಲಿಗೆ ಬಂತು.

ಈಗ ನನ್ನ ಎಡವಟ್ಟು. ಎರಡರ ವರ್ಗಮೂಲ ಸೇರಿದ ಸಂಖ್ಯೆಗೆ ಯಾವಾಗಲೂ ಒಂದು ಜೋಡಿ ಇರುತ್ತದೆ, ಮೂಲದ ಹಿಂದಿನ ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆ ಮಾಡಿದರೆ ಸಿಗುವಂಥದು. ಎತ್ತರ ಅಳೆಯುವಾಗ ಇಬ್ಬರನ್ನೂ ಅಳೆದು ಕೂಡುವುದು ಒಂದು ಪದ್ಧತಿ, ಕೂಡಿ ಎರಡರಿಂದ ಭಾಗಿಸುವುದು ಇನ್ನೊಂದು. ಈ ಕಸುಬಿನಲ್ಲಿ ಕೆಲವರು ಭಾಗಿಸುತ್ತಾರೆ, ಕೆಲವರು ಭಾಗಿಸುವುದಿಲ್ಲ, ತಾವು ಯಾವ ಕಡೆ ಎಂದು ಹೇಳಲು ಇಬ್ಬರೂ ಮರೆಯುತ್ತಾರೆ. ಭಾವ ಭಾಗಿಸದವರ ಪೈಕಿ, ನನ್ನ ಪ್ರೋಗ್ರಾಂ ಭಾಗಿಸುವವರ ಪೈಕಿ. ಅದಕ್ಕೆ ನಾನು ಮೂವತ್ತೊಂದು ಎಂದು ಕೊಡಬೇಕಿತ್ತು. ಭಾವನ ಚೀಟಿಯಲ್ಲಿದ್ದ ಅರವತ್ತೆರಡನ್ನೇ ಕೊಟ್ಟೆ. ಐದು ವಾರದಲ್ಲಿ ಮುಗಿಯಬೇಕಾದ ಕೆಲಸ ಇಪ್ಪತ್ತು ವಾರಕ್ಕೆ ಎಳೆಯಿತು. ನಾನು ಯಂತ್ರಗಳನ್ನು ಬೈದೆ, ಕರೆಂಟನ್ನು ಬೈದೆ, ಭಾವನ ಸಮೀಕರಣವನ್ನು ಬೈದೆ. ನನ್ನನ್ನು ಬೈದುಕೊಳ್ಳಬೇಕೆಂದು ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಲೇಖನವನ್ನು ಒಂದು ಪತ್ರಿಕೆ ಒಪ್ಪಿತ್ತು. ಅಚ್ಚಿಗೆ ಹೋಗುವ ಮುಂಚಿನ ಕರಡು ಬಂದಿತ್ತು, ತಿದ್ದಿ ಸೋಮವಾರ ವಾಪಸು ಕಳಿಸಬೇಕು. ಕೊನೆಯ ಪುಟದ ಕೊನೆಯ ಸಾಲು ಹೀಗಿತ್ತು: ಹುಡುಕಾಟ ಮುಗಿದಿದೆ, ಎಂಟನೆಯ ಬಿಂದು ಇಲ್ಲ. ಭಾವ ತಿಂಗಳ ಕೊನೆಗೆ ನಿವೃತ್ತರಾಗುವವರು. ಬುಧವಾರ ದೊಡ್ಡ ಸಭಾಂಗಣದಲ್ಲಿ ಅವರ ಬೀಳ್ಕೊಡುಗೆಯ ಉಪನ್ಯಾಸ, ವಿಷಯ ಇದೇ ಮಿತಿ. ಎಲ್ಲ ಸಿದ್ಧ. ನಾನು "ಮುಗೀತು" ಎಂದು ಒಂದು ಮಾತು ಹೇಳುವುದಷ್ಟೇ ಬಾಕಿ.

ಶನಿವಾರ ಬೆಳಗ್ಗೆ ಹತ್ತಕ್ಕೆ ಕೋಣೆಯ ಬಾಗಿಲು ತೆಗೆದು, ಸ್ವೆಟರು ಹಾಕಿಕೊಂಡು, ಪರದೆ ನೋಡಿದೆ. ಒಂಬತ್ತನೇ ಯಂತ್ರ ಏನನ್ನೋ ಬರೆದು ಕೂತಿತ್ತು. ಒಂದು ಬಿಂದುವನ್ನು ಬರೆಯಲು ಬೇಕಾಗುವ ಐದು ಉದ್ದ ಸಂಖ್ಯೆಗಳು, ಒಂದೊಂದೂ ನಲವತ್ತೇಳು ಅಂಕಿಯವು. ಕೆಳಗೆ: ಬಿಂದು ರೇಖೆಯ ಮೇಲಿದೆ.

ಮೊದಲು ಅನ್ನಿಸಿದ್ದು, ಇರಲಿ, ಮಿತಿಯ ಒಳಗೇ ಎಂಟನೆಯದೊಂದು ಸಿಕ್ಕಿದೆ, ಭಾವನ ಕೊನೆಯ ಸಾಲು ಬದಲಾದರಾಯಿತು, ಮಿತಿಗೇನೂ ಧಕ್ಕೆಯಿಲ್ಲ ಎಂದು. ನಲವತ್ತೇಳು, ಅರವತ್ತೆರಡಕ್ಕಿಂತ ಕಡಿಮೆ ತಾನೇ. ಆಮೇಲೆ ಭಾವನ ಚೀಟಿಯನ್ನು ಡ್ರಾಯರಿನಿಂದ ತೆಗೆದು ನೋಡಿದೆ. ಚೀಟಿಯ ಮೂಲೆಯಲ್ಲಿ ಅವರ ಇರುವೆ ಅಕ್ಷರದಲ್ಲಿ "ಭಾಗಿಸಿಲ್ಲ" ಎಂದಿತ್ತು. ಇಪ್ಪತ್ತು ವಾರ ನನ್ನ ಡ್ರಾಯರಿನಲ್ಲೇ ಇತ್ತು. ನನ್ನ ಅಳತೆಯ ನಲವತ್ತೇಳು ಅವರ ಅಳತೆಯಲ್ಲಿ ತೊಂಬತ್ತನಾಲ್ಕು. ಅರವತ್ತೆರಡನ್ನು ಮೀರಿ ಯಾರೂ ಇಲ್ಲ ಎಂದ ಕಡೆ ತೊಂಬತ್ತನಾಲ್ಕರ ಆಸಾಮಿ ಕಾಲು ಚಾಚಿಕೊಂಡು ಕೂತಿದ್ದಾನೆ. ಪ್ರಮೇಯ ಸುಳ್ಳು.

ಇದನ್ನು ಅಳಿಸಿಹಾಕಬಹುದಿತ್ತು. ನಾನು ಸರಿಯಾಗಿ ಕೆಲಸ ಮಾಡಿದ್ದರೆ ಹುಡುಕಾಟ ಮೂರು ತಿಂಗಳ ಹಿಂದೆಯೇ ಮೂವತ್ತೊಂದಕ್ಕೆ ನಿಂತು, ಅದರ ಕೆಳಗೆ ಹೊಸದೇನೂ ಇಲ್ಲ ಎಂದು ಹೇಳುತ್ತಿತ್ತು. ಈಗಲೂ ನಾನು ಅಷ್ಟೇ ಹೇಳಿದರೆ ಅದರಲ್ಲಿ ಒಂದು ಸುಳ್ಳೂ ಇರುವುದಿಲ್ಲ. ಮಿತಿಯ ಆಚೆ ಹುಡುಕುವ ದಡ್ಡ ನೂರು ವರ್ಷಕ್ಕೂ ಹುಟ್ಟಲಾರ. ಕೈ ಕೀಬೋರ್ಡಿನ ಮೇಲಿತ್ತು. ನಾನು ಒಳ್ಳೆಯವನೆಂದು ಕೈ ತೆಗೆದದ್ದಲ್ಲ. ಅಕ್ಕನಿಗೆ ಹೇಳದೆ ಏನು ಮಾಡಿದರೂ ಅವಳಿಗೆ ಗೊತ್ತಾಗುತ್ತದೆ, ಚಿಕ್ಕಂದಿನಿಂದಲೂ ಹಾಗೆಯೇ. ಹಾಳೆಯ ಮೇಲೆ ಆ ಸಂಖ್ಯೆಗಳನ್ನು ಅಚ್ಚು ಮಾಡಿಕೊಂಡು ಹೊರಟೆ.

ಅಕ್ಕನದು ಎರಡು ರಸ್ತೆಯಾಚೆ ಔಷಧಿ ಅಂಗಡಿ. ಚೀಟಿಯನ್ನು ಎರಡು ಸಲ ಓದದೆ ಒಂದು ಮಾತ್ರೆಯನ್ನೂ ಕೊಡುವವಳಲ್ಲ. ಗಿರಾಕಿಗಳು ಗೊಣಗಿದರೆ "ಅವಸರ ಇದ್ರೆ ಕಾಯಿಲೆಗೆ ಹೇಳಿ, ನಂಗಲ್ಲ" ಅನ್ನುತ್ತಾಳೆ. ಭಾವನ ಗಣಿತದ ಬಗ್ಗೆ ಅವಳಿಗೆ ತಿಳಿದಿದ್ದದ್ದು ಒಂದೇ ಸಂಗತಿ, ಆದರೆ ಅದನ್ನು ಚೆನ್ನಾಗಿ ತಿಳಿದಿದ್ದಳು. ಈ ಜನ ತಮಗೆ ಬೆಲೆ ಗೊತ್ತಿರದ, ಆದರೆ ಬದಲಾಗದ ಸಂಖ್ಯೆಗೆಲ್ಲ 'ಸಿ' ಎಂದು ಬರೆಯುತ್ತಾರೆ. ಒಂದು ಸಾಲಿನಲ್ಲಿ ಸಿ, ಮುಂದಿನ ಸಾಲಿಗೆ ಬರುವಾಗ ಅದು ಇಮ್ಮಡಿಯಾಗಿರುತ್ತದೆ, ಆದರೂ ಸಿ. ಅವರಲ್ಲಿ ಇದು ರೂಢಿ, ಯಾರೂ ತಪ್ಪು ತಿಳಿಯುವುದಿಲ್ಲ. ಭಾವ ಇದನ್ನು ವಿವರಿಸಿದ ದಿನ ಅಕ್ಕ, "ಓ, ನಿಮ್ಮ ಐದು ನಿಮಿಷ" ಅಂದಿದ್ದಳು. ಊಟಕ್ಕೆ ಕರೆದರೆ ಐದು ನಿಮಿಷ, ಹೊರಗೆ ಹೊರಟರೆ ಐದು ನಿಮಿಷ. ಒಮ್ಮೆ ಅದು ಇಪ್ಪತ್ತು ನಿಮಿಷ, ಒಮ್ಮೆ ಮಧ್ಯಾಹ್ನವೆಲ್ಲ. ಅಕ್ಕನ ದಾಂಪತ್ಯದ ಅರ್ಧ ಭಾಗ ಈ ಐದು ನಿಮಿಷಗಳಲ್ಲೇ ಕಳೆದಿತ್ತು.

ಅಂಗಡಿಯ ಗಲ್ಲಾದ ಪಕ್ಕ ನಿಂತು ಎಲ್ಲ ಹೇಳಿದೆ. ಅವಳು ಹಾಳೆಯನ್ನು ಎರಡು ಸಲ ನೋಡಿದಳು.

"ಇದು ಖಂಡಿತಾನಾ, ಪುಟ್ಟಾ?" ನನಗೆ ಐವತ್ತೆರಡು ವರ್ಷ, ಅವಳಿಗೆ ಈಗಲೂ ಪುಟ್ಟ.

"ಖಂಡಿತ. ಸಮೀಕರಣಕ್ಕೆ ಹಾಕಿ ಗುಣಿಸಿದ್ರೆ ಸೊನ್ನೆ ಬರುತ್ತೆ. ಇದ್ರಲ್ಲಿ ವಾದ ಮಾಡೋಕೇನೂ ಇಲ್ಲ."

"ನೀನು ಹೇಳ್ದೇ ಇದ್ರೆ?"

"ಯಾರಿಗೂ ಗೊತ್ತಾಗಲ್ಲ."

ಒಬ್ಬರು ಕೆಮ್ಮಿನ ಔಷಧಿ ಕೇಳಿಕೊಂಡು ಬಂದರು, ಅಕ್ಕ ಕೊಟ್ಟಳು.

"ಹೇಳ್ಬೇಡ ಅನ್ನೋಕೆ ನಂಗೆ ಎಷ್ಟು ಆಸೆ ಆಗ್ತಿದೆ ಗೊತ್ತಾ," ಅಂದಳು. "ಹನ್ನೊಂದು ವರ್ಷ ಒಬ್ಬಳೇ ಊಟ ಮಾಡಿದೀನೋ ನಾನು. ಈ ಹಾಳು ಮಿತಿ ಒಂದು ಸಿಗ್ಲಿ ಅಂತ. ಈಗ ಇದೂ ಹೋಯ್ತು ಅಂದ್ರೆ ನಂಗೇನು ಉಳೀತು?"

ಅಕ್ಕ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಆಮೇಲೆ ಶನಿವಾರದ ತುಂಬು ವ್ಯಾಪಾರದ ಹೊತ್ತಿನಲ್ಲಿ ಷಟರ್ ಎಳೆದು ಬೀಗ ಹಾಕಿದಳು.

"ನಡಿ. ಚೀಟಿ ತಪ್ಪಿದೆ ಅಂತ ಗೊತ್ತಿದ್ದೂ ನಾನು ಇವತ್ತಿನವರೆಗೆ ಯಾರಿಗೂ ಔಷಧಿ ಕೊಟ್ಟಿಲ್ಲ."

ಭಾವ ಊಟದ ಮೇಜಿನ ಮೇಲೆ ಕರಡು ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತಿದ್ದರು. ನನ್ನನ್ನು ನೋಡಿ ಮುಖ ಅರಳಿತು.

"ಏನು, ಪಾತಾಳದ ದೊರೆಗಳು ಮೇಲಕ್ಕೆ ಬಂದ್ಬಿಟ್ರು? ಮುಗೀತಾ?"

"ಭಾವ, ನಾನು ಎರಡರಿಂದ ಭಾಗಿಸೋದು ಮರೆತಿದ್ದೆ."

ಅವರು ಕನ್ನಡಕದ ಮೇಲಿನಿಂದ ನೋಡಿದರು. ಅರ್ಥವಾದದ್ದೇ ತಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇನಾ ಐದು ತಿಂಗಳು! ಲೇ, ಎರಡರಿಂದ ಭಾಗಿಸೋಕೆ ಬರದೋನ ಕೈಗೆ ಹದಿನಾರು ಕಂಪ್ಯೂಟರ್ ಕೊಟ್ಟಿದಾರಲ್ಲೋ ವಿಭಾಗದೋರು! ಕೇಳಿದ್ಯೇನೇ, ನಿನ್ನ ತಮ್ಮ..." ಅಕ್ಕನ ಮುಖ ನೋಡಿ ನಿಲ್ಲಿಸಿದರು. ಈ ಹೊತ್ತಿಗೆ ಅವಳು ಮನೆಯಲ್ಲಿದ್ದಾಳೆ ಎಂಬುದು ಆಗ ಗಮನಕ್ಕೆ ಬಂತೆಂದು ಕಾಣುತ್ತದೆ.

ನಾನು ಹಾಳೆಯನ್ನು ಅವರ ಮುಂದಿಟ್ಟೆ.

ಅವರು ಓದಿದರು. ನಾನು ಮುಂಚೆಯೇ ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಬೇಡವಾದವು. ಅಂಕಿಗಳನ್ನು ಬೆರಳಿನಿಂದ ಎಣಿಸಿದರು, ನಲವತ್ತೇಳು. ಪಕ್ಕದಲ್ಲಿ ತೊಂಬತ್ತನಾಲ್ಕು ಎಂದು ಬರೆದು ಅಡಿಗೆರೆ ಎಳೆದರು. ಆಮೇಲೆ, "ಯಂತ್ರ ಹೇಳಿದ್ದನ್ನ ನಾನು ನಂಬಲ್ಲ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮೂವರೂ ಮೇಜಿನ ಸುತ್ತ ಕೂತೆವು. ಪೂರ್ತಿ ಗುಣಿಸುವ ಮೊದಲು ಶೇಷ ನೋಡುವುದು ಎಂದಾಯಿತು: ಬಿಂದು ಸುಳ್ಳಾಗಿದ್ದರೆ ಏಳರಿಂದಲೋ ಒಂಬತ್ತರಿಂದಲೋ ಭಾಗಿಸಿ ಉಳಿದದ್ದನ್ನು ಸಮೀಕರಣಕ್ಕೆ ಹಾಕಿದಾಗ ಎಲ್ಲಾದರೂ ಸಿಕ್ಕಿಬೀಳುತ್ತದೆ. ಅಂಕಿಗಳನ್ನು ಕೂಡುತ್ತ ಹೋದರೆ ಸಾಕಾದ್ದರಿಂದ ಒಂಬತ್ತು ಅಕ್ಕನಿಗೆ. ಏಳು ನನಗೆ. ಹನ್ನೊಂದು, ಹದಿಮೂರು ಭಾವನಿಗೆ. ಅಕ್ಕ ಮಾತ್ರೆ ಎಣಿಸುವ ಹಾಗೆ ಎರಡೆರಡು ಅಂಕಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ಕೂಡಿದಳು. ಬಂದ ಶೇಷಗಳನ್ನು ಭಾವ ಬರೆದುಕೊಟ್ಟ ಸಮೀಕರಣಕ್ಕೆ ಹಾಕಿ, ಮಧ್ಯಾಹ್ನ ಎರಡಕ್ಕೆ "ಸೊನ್ನೆ" ಅಂದಳು. ನನ್ನದೂ ಸೊನ್ನೆ. ಭಾವ ಹನ್ನೊಂದನ್ನು ಮುಗಿಸಿ, ಹದಿಮೂರನ್ನು ಮುಗಿಸಿ, ಪೆನ್ಸಿಲ್ ಕೆಳಗಿಟ್ಟರು.

ಆಮೇಲೆ ಅವರು ಕರಡನ್ನು ಎಳೆದುಕೊಂಡು ತೆರೆದರು. ಎಪ್ಪತ್ತನಾಲ್ಕು ಪುಟದಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕುವವನು ಮೊದಲ ಪುಟದಿಂದ ಶುರು ಮಾಡಬೇಕು. ಅವರು ಹುಡುಕಲಿಲ್ಲ. ನೇರವಾಗಿ ಇಪ್ಪತ್ತೊಂಬತ್ತನೇ ಪುಟ ತೆಗೆದು ಮೇಲಿನಿಂದ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. ಉಳಿದ ಪುಟಗಳ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತುಗಳು, ಪ್ರಶ್ನೆಗಳು, ಅಲ್ಪವಿರಾಮದ ಜಗಳಗಳು. ಆ ಪುಟದಲ್ಲಿ ಒಂದು ಗೀಟೂ ಇರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಗೊತ್ತಿತ್ತೇನು ಈ ಮನುಷ್ಯನಿಗೆ? ಕೇಳಬೇಕೆಂದು ಬಾಯಿ ತೆರೆದೆ. ಅಕ್ಕ ಮೇಜಿನ ಕೆಳಗಿನಿಂದ ನನ್ನ ಕಾಲು ತುಳಿದಳು.

ಭಾನುವಾರವೆಲ್ಲ ಭಾವ ಪೂರ್ತಿ ಗುಣಾಕಾರ ಮಾಡಿದರು, ಹತ್ತೊಂಬತ್ತು ಹಾಳೆ. ಸೊನ್ನೆಯೇ ಬಂತು. ಸೋಮವಾರ ಪತ್ರಿಕೆಗೆ ಹೋದದ್ದು ತಿದ್ದಿದ ಕರಡಲ್ಲ, ಎರಡು ಸಾಲಿನ ಪತ್ರ: ಲೇಖನ ವಾಪಸು ತೆಗೆದುಕೊಳ್ಳುತ್ತಿದ್ದೇನೆ, ಕಾರಣ ಈ ಕೆಳಗಿನ ಬಿಂದು. ಉಪನ್ಯಾಸವನ್ನೂ ರದ್ದು ಮಾಡುತ್ತಾರೆಂದು ನಾನು ಅಂದುಕೊಂಡಿದ್ದೆ. ಮಾಡಲಿಲ್ಲ.

ಬುಧವಾರ ಸಭಾಂಗಣ ತುಂಬಿತ್ತು. ಅಕ್ಕ ಮೂರನೇ ಸಾಲಿನಲ್ಲಿ, ನಾನು ಬಾಗಿಲ ಹತ್ತಿರ, ಬೇಕಾದರೆ ಜಾರಿಕೊಳ್ಳಲು ಅನುಕೂಲವಾಗಲೆಂದು. ವಿಭಾಗದ ಮುಖ್ಯಸ್ಥರು ನಾಲ್ಕು ಒಳ್ಳೆಯ ಮಾತಾಡಿ ಕೂತರು. ಭಾವ ಎದ್ದು ಬೋರ್ಡಿನ ಎಡತುದಿಯಿಂದ ಸಣ್ಣ ಅಕ್ಷರದಲ್ಲಿ ಅಂಕಿ ಬರೆಯತೊಡಗಿದರು. ಐದು ಸಂಖ್ಯೆ, ಇನ್ನೂರ ಮೂವತ್ತೈದು ಅಂಕಿ, ಕೈಯಲ್ಲಿ ಚೀಟಿಯಿಲ್ಲ. ಸಭೆಯಲ್ಲಿ ಕೆಮ್ಮು, ಕುರ್ಚಿಗಳ ಕಿರ್ರು. ಬರೆದು ಮುಗಿಸಿ ಕೈಯ ಸೀಮೆಸುಣ್ಣ ಒರೆಸಿಕೊಂಡು ತಿರುಗಿದರು.

"ಇದು ಎಂಟನೇ ಬಿಂದು. ನನ್ನ ಪ್ರಮೇಯದ ಪ್ರಕಾರ ಇದು ಇಲ್ಲ. ಆದ್ರೆ ಇದೆ, ಆದ್ದರಿಂದ ಪ್ರಮೇಯ ಇಲ್ಲ. ಇದು ಸಿಕ್ಕಿದ್ದು ನನ್ನ ಭಾವಮೈದ ಎರಡರಿಂದ ಭಾಗಿಸೋದನ್ನ ಮರೆತಿದ್ರಿಂದ. ಅವನು ಅಲ್ಲಿ ಬಾಗಿಲ ಹತ್ರ ಅಡಗಿ ಕೂತಿದಾನೆ."

ಇನ್ನೂರು ತಲೆಗಳು ತಿರುಗಿದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಜನ ನಗುವುದನ್ನು ನಿಲ್ಲಿಸಿದ ಮೇಲೆ ಭಾವ ಕರಡು ತೆರೆದರು, ಇಪ್ಪತ್ತೊಂಬತ್ತನೇ ಪುಟ. "ನಾಲ್ಕನೇ ಸಾಲು ಓದ್ತೀನಿ. 'ಇಲ್ಲಿ ಸಿ ಎಂಬುದು ರೇಖೆಯನ್ನು ಮಾತ್ರ ಅವಲಂಬಿಸಿದೆ.' ಹಾಗಿಲ್ಲ. ಅದು ಬಿಂದುವನ್ನೂ ಅವಲಂಬಿಸಿದೆ. ಬಿಂದು ಎತ್ತರ ಆದ ಹಾಗೆ ಸಿ ಕೂಡ ಬೆಳೀತಾ ಹೋಗುತ್ತೆ, ನಾನು ಅದನ್ನ ಒಂದೇ ಅಂದ್ಕೊಂಡಿದ್ದೆ."

ಒಂದು ಕ್ಷಣ ನಿಂತರು. "ನಿಮಗೆ ಗೊತ್ತಿತ್ತಾ ಅಂತ ಯಾರಾದ್ರೂ ಕೇಳಬಹುದು. ಗೊತ್ತಿರ್ಲಿಲ್ಲ. ಆದ್ರೆ ಇದನ್ನ ನಾನು ಎಷ್ಟು ಸಲ ಓದಿದೀನೋ, ಅಷ್ಟೂ ಸಲ ಈ ಸಾಲಿನ ಹತ್ರ ಬಂದಾಗ ಸ್ವಲ್ಪ ಬೇಗ ಓದ್ತಿದ್ದೆ. ಇವತ್ತು ಮೊದಲನೇ ಸಲ ನಿಧಾನವಾಗಿ ಓದಿದ್ದು." ನಾಲ್ಕು ದಿನದಿಂದ ಇದೇ ಮನುಷ್ಯನ ಮೇಲೆ ಹಲ್ಲು ಕಡಿಯುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮುಖ್ಯಸ್ಥರು ಏನಾದರೂ ಕೇಳಲೇಬೇಕಲ್ಲ ಎಂದು ಕೇಳಿದರು: "ಹಾಗಾದ್ರೆ ಒಟ್ಟು ಬಿಂದುಗಳು ಎಷ್ಟು ಸರ್?"

"ಇವತ್ತಿಗೆ ಎಂಟು," ಅಂದರು ಭಾವ. "ನಾಳೇದು ಗೊತ್ತಿಲ್ಲ."

ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ತಟ್ಟಿದರು. ಸಭೆ ಮುಗಿದು ಎಲ್ಲರೂ ಕೈಕುಲುಕಿ ಹೋದ ಮೇಲೆ ಅಕ್ಕ ಕೈಚೀಲ ಹಿಡಿದು ಹೊರಬಾಗಿಲಿನಲ್ಲಿ ನಿಂತಿದ್ದಳು. ಭಾವ ಅವಳತ್ತ ಎರಡು ಹೆಜ್ಜೆ ಹಾಕಿ, ನನ್ನನ್ನು ನೋಡಿ ನಿಂತರು.

"ಐದು ನಿಮಿಷ ಬಂದೆ ಕಣೇ," ಅಂದರು.

ಅಕ್ಕ ಪಕ್ಕದ ಬೆಂಚಿನ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಆ ಕೂರುವ ರೀತಿ ನನಗೆ ಗೊತ್ತು. ಬಹಳ ಹೊತ್ತು ಕೂರಬೇಕಾದವರು ಹಾಗೆ ಕೂರುತ್ತಾರೆ.

ಭಾವ ನನ್ನ ಜೊತೆ ನೆಲಮಾಳಿಗೆಗೆ ಇಳಿದರು. ಇಷ್ಟು ವರ್ಷದಲ್ಲಿ ಆ ಕೋಣೆಗೆ ಬಂದದ್ದು ಅದೇ ಮೊದಲು. ಹದಿನಾರು ಯಂತ್ರಗಳನ್ನು ಒಂದೊಂದಾಗಿ ನೋಡಿ, ಒಂಬತ್ತನೆಯದರ ಮೇಲೆ ಕೈಯಿಟ್ಟು, "ಇದೇನಾ?" ಅಂದರು. ಹೌದೆಂದೆ. ಚಳಿಗೆ ಮೈ ಮುದುಡಿಕೊಂಡರು. ನನ್ನ ಸ್ವೆಟರು ಕೊಟ್ಟೆ, ಬೇಡವೆಂದರು.

"ಮತ್ತೆ ಓಡಿಸ್ತೀಯಾ?"

"ಎಷ್ಟರವರೆಗೆ, ಭಾವ?"

"ನೂರಿಪ್ಪತ್ತು. ಈ ಸಲಾನೂ ಭಾಗಿಸ್ಬೇಡ."

ನಾನು ಬರೆದೆ, ಎಲ್ಲ ಯಂತ್ರಗಳಿಗೂ ಹಂಚಿದೆ, ಒತ್ತಿದೆ. ಪರದೆ ಕಪ್ಪಾಗಿ, ಮೊದಲ ಸಾಲು ಬರುವ ಮುಂಚಿನ ಆ ಗೆರೆ ಮಿಣುಕತೊಡಗಿತು. ಭಾವ ಕುರ್ಚಿಯ ಬೆನ್ನು ಹಿಡಿದು ಬಗ್ಗಿ ನೋಡುತ್ತಿದ್ದರು. ಈ ಮನುಷ್ಯ ಇನ್ನು ಇಲ್ಲಿಂದ ಕದಲುವುದಿಲ್ಲ, ಮೇಲೆ ಹೋಗಿ ಅಕ್ಕನನ್ನು ನಾನೇ ಮನೆಗೆ ಕರೆದುಕೊಂಡು ಹೋಗಬೇಕು ಎಂದು ಲೆಕ್ಕ ಹಾಕಿದೆ.

ಅವರು ನೆಟ್ಟಗಾಗಿ ಗೋಡೆಯ ಗಡಿಯಾರ ನೋಡಿದರು.

"ಐದು ನಿಮಿಷ ಆಯ್ತು," ಎಂದು ಹೇಳಿ, ಮೊದಲ ಸಾಲು ಬರುವ ಮೊದಲೇ ಮೆಟ್ಟಿಲು ಹತ್ತಿ ಹೋದರು.